ಹಂಚುವ ಮೊದಲು ಹೇಳಿ, ಕತ್ತರಿಸುವ ಮೊದಲು ಕೇಳಿ



ನಮ್ಮ ಒಬ್ಬೊಬ್ಬರ ಹೆಸರಿನ ಹಿಂದೆಯೂ ಈಗ ನಂಬರುಗಳ ಸಾಲೇ ಇದೆ. ಸಂಘದ ಸದಸ್ಯತ್ವದ ನಂಬರು, ಬ್ಯಾಂಕ್ ಪಾಸ್‌ಬುಕ್ ನಂಬರು, ಆಧಾರ್ ನಂಬರು, ರೇಷನ್ ಕಾರ್ಡ್ ನಂಬರು, ಜಮೀನಿದ್ದವರಿಗೆ ಫ್ರೂಟ್ಸ್ ಐಡಿ, ಮಕ್ಕಳ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು. ಇಷ್ಟು ಸಾಲದು ಎಂಬಂತೆ ಕೊಟ್ಟಿಗೆಯಲ್ಲಿರುವ ಹಸುವಿನ ಕಿವಿಯೋಲೆಯಲ್ಲೂ 12 ಅಂಕಿಯ ಒಂದು ನಂಬರು. ಹಿಂದೆ ಒಂದು ಕಚೇರಿಯ ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಕಚೇರಿಗೆ ಗೊತ್ತಾಗಬೇಕಾದರೆ ನಾವೇ ಜೆರಾಕ್ಸ್ ಹಿಡಿದು ಹೋಗಬೇಕಿತ್ತು. ಈಗ ಹಾಗಿಲ್ಲ. ನಾವು ಹಾಲು ಕರೆಯುತ್ತಿರುವ ಹೊತ್ತಿನಲ್ಲೇ ನಮ್ಮ ವಿವರ ಒಂದು ಇಲಾಖೆಯ ಕಂಪ್ಯೂಟರಿನಿಂದ ಇನ್ನೊಂದು ಇಲಾಖೆಯ ಕಂಪ್ಯೂಟರಿಗೆ ಹೋಗಿ ಬಂದಿರುತ್ತದೆ.

ಇದರಿಂದ ನಮಗೆ ಒಳ್ಳೆಯದಾಗಿದೆಯೇ, ಕೆಟ್ಟದ್ದಾಗಿದೆಯೇ? ಎರಡೂ ಆಗಿದೆ. ಇಲಾಖೆಗಳು ಒಂದಕ್ಕೊಂದು ಮಾಹಿತಿ ಕೊಡಲೇಬಾರದು ಎಂದು ಹಟ ಹಿಡಿದರೆ ನಷ್ಟ ನಮಗೇ. ಹೇಗೆ ಬೇಕಾದರೂ ಕೊಡಲಿ ಎಂದು ಸುಮ್ಮನೆ ಕೂತರೂ ನಷ್ಟ ನಮಗೇ. ಹಂಚಿಕೊಳ್ಳಲಿ, ಆದರೆ ಕಾನೂನಿನ ದಾರಿಯಲ್ಲಿ, ನಮಗೆ ಹೇಳಿ, ನಮ್ಮ ಮಾತು ಕೇಳಿ ಮಾಡಲಿ ಎಂಬುದು ನನ್ನ ನಿಲುವು. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ನಮ್ಮ ಹಾಲಿನ ಲೆಕ್ಕದಿಂದಲೇ ವಿವರಿಸುತ್ತೇನೆ.

ಹಂಚಿಕೆಯಿಂದ ಉಳಿದ ಅಲೆದಾಟ

ಮೊದಲು ಉಪಕಾರವನ್ನು ನೆನೆಯೋಣ. ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಮುಂದೆ 5 ರೂಪಾಯಿ ಮುಟ್ಟಿತು. ಈ ಹಣ ನಮ್ಮ ಖಾತೆಗೆ ಬರುವುದು ಹೇಗೆ? ನಾವು ಹಾಕಿದ ಹಾಲಿನ ಲೆಕ್ಕ ಸಂಘದಿಂದ ಒಕ್ಕೂಟಕ್ಕೆ ಹೋಗುತ್ತದೆ, ಒಕ್ಕೂಟದಿಂದ ಪಶುಸಂಗೋಪನಾ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ಹಣ ನಮ್ಮ ಖಾತೆಗೆ ಇಳಿಯುತ್ತದೆ. ನಮ್ಮ ಹೆಸರು, ಖಾತೆ, ಲೀಟರಿನ ಲೆಕ್ಕ ಮುಂದೆ ಹೋಗದಿದ್ದರೆ ಪ್ರೋತ್ಸಾಹಧನವೇ ಇಲ್ಲ.

ಮಕ್ಕಳ ವಿದ್ಯಾರ್ಥಿವೇತನ ನೋಡಿ. ರಾಜ್ಯದ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಆರ್‌ಡಿ ನಂಬರು ಹಾಕಿದರೆ ಜಾತಿ, ಆದಾಯದ ವಿವರವನ್ನು ಕಂದಾಯ ಇಲಾಖೆಯ ದಾಖಲೆಯಿಂದಲೇ ತೆಗೆದುಕೊಳ್ಳುತ್ತಾರೆ. ರಾಗಿಯನ್ನು ಬೆಂಬಲ ಬೆಲೆಗೆ ಕೊಡಲು ಹೋದಾಗ ಫ್ರೂಟ್ಸ್ ಐಡಿಯಿಂದ ಪಹಣಿಯ ವಿವರ ಸಿಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿದಾಗ ಕಿವಿಯೋಲೆಯ ನಂಬರಿನ ಜೊತೆ ದಾಖಲಾಗುತ್ತದೆ. ಹಸುವಿಗೆ ವಿಮೆ ಮಾಡಿಸಿದವರಿಗೆ ಆ ನಂಬರು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಯಶಸ್ವಿನಿ ಯೋಜನೆಗೆ ಸಂಘದ ಮೂಲಕ ಹೆಸರು ಕೊಟ್ಟವರು ಮನೆಮಂದಿಯ ವಿವರವನ್ನೆಲ್ಲ ಬರೆಸಿದ್ದೀರಿ. ಆ ವಿವರ ಮುಂದೆ ಹೋದದ್ದರಿಂದಲೇ ಕಾರ್ಡು ಬಂತು.

ತಾಲ್ಲೂಕು ಕಚೇರಿಗೆ ಒಂದು ಸಲ ಹೋಗಿ ಬರಲು ಗಂಡಸರಿಗೆ ಅರ್ಧ ದಿನ ಸಾಕಾಗಬಹುದು. ಹೆಂಗಸರಿಗೆ ಆ ಅರ್ಧ ದಿನದ ಹಿಂದೆ ಎಷ್ಟು ಕೆಲಸ ಇರುತ್ತದೆ! ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ, ಮೇವು ಹಾಕಿ, ಮಕ್ಕಳನ್ನು ಕಳಿಸಿ, ಬಸ್ಸು ಹಿಡಿದು, ಸಾಹೇಬರಿಗೆ ಕಾದು, ಮತ್ತೆ ಸಂಜೆಯ ಹಾಲಿನ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು. ಒಂದು ಇಲಾಖೆಯಲ್ಲಿ ಇರುವ ಕಾಗದವನ್ನೇ ಇನ್ನೊಂದು ಇಲಾಖೆ ನಮ್ಮಿಂದ ಮತ್ತೆ ಕೇಳದಿದ್ದರೆ ಅದು ನಮಗೆ ದೊಡ್ಡ ಉಪಕಾರ. ಆದ್ದರಿಂದ ಮಾಹಿತಿ ಹಂಚಿಕೆಯೇ ಬೇಡ ಎನ್ನುವ ಮಾತು ನನ್ನದಲ್ಲ.

ಅದೇ ದಾರಿಯಲ್ಲಿ ಬರುವ ಕತ್ತರಿ

ಆದರೆ ಕೊಡಲು ಬಂದ ದಾರಿಯಲ್ಲೇ ಕಿತ್ತುಕೊಳ್ಳಲೂ ಬರಬಹುದು.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿಯಾಗಲಿ, ಅವರ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ ಎಂಬುದು ನಿಯಮ. ಈ ಒಂದು ನಿಯಮ ಜಾರಿಯಾಗಬೇಕಾದರೆ ಎಷ್ಟು ಇಲಾಖೆಗಳ ಮಾಹಿತಿ ಕೂಡಬೇಕು ನೋಡಿ: ಆಹಾರ ಇಲಾಖೆಯ ಕಾರ್ಡು, ಮಹಿಳಾ ಮತ್ತು ಮಕ್ಕಳ ಇಲಾಖೆಯ ಅರ್ಜಿ, ತೆರಿಗೆ ಇಲಾಖೆಯ ಪಟ್ಟಿ, ಬ್ಯಾಂಕಿನ ಖಾತೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತೆರಿಗೆಯ ಮುಖವನ್ನೇ ನೋಡದ ಹೆಂಗಸರ ಹೆಸರು ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಬಂದು ಹಣ ನಿಂತುಹೋದ ದೂರುಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 'ನಾನು ತೆರಿಗೆ ಕಟ್ಟಿಲ್ಲ' ಎಂದು ಸಾಬೀತು ಮಾಡುವ ಹೊರೆ ಆ ಹೆಂಗಸಿನ ತಲೆಯ ಮೇಲೆಯೇ ಬಿತ್ತು.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದಾಗ ರಾಜ್ಯದ ಎಲ್ಲ ಕಡೆ ಗದ್ದಲವಾದದ್ದು ನಿಮಗೆ ನೆನಪಿರಬಹುದು. ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ವಾಪಸ್ ಕೊಡುವುದಾಗಿ ಸರ್ಕಾರವೇ ಹೇಳಬೇಕಾಯಿತು. ಮೊದಲೇ ಕೇಳಿದ್ದರೆ ಈ ರಾಮಾಯಣ ಬೇಕಿರಲಿಲ್ಲ. ಕಾರ್ಡು ಹೋದರೆ ಅಕ್ಕಿಯೊಂದೇ ಹೋಗುವುದಿಲ್ಲ ಎಂಬುದು ನಮಗೆ ಗೊತ್ತು. ಆಸ್ಪತ್ರೆಯ ಖರ್ಚಿಗೂ ಅದೇ ಕಾರ್ಡು ತೋರಿಸಬೇಕು.

ಹಾಲಿನ ದುಡ್ಡು ಆದಾಯವೇ?

ಈಗ ನಮ್ಮದೇ ಲೆಕ್ಕಕ್ಕೆ ಬರೋಣ. ದಿನಕ್ಕೆ ಎರಡೂ ಹೊತ್ತು ಸೇರಿ ಸರಾಸರಿ 10 ಲೀಟರ್ ಹಾಲು ಹಾಕುವ ಒಬ್ಬ ಹೆಣ್ಣುಮಗಳಿದ್ದಾಳೆ ಎಂದುಕೊಳ್ಳಿ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ದಿನಕ್ಕೆ 350 ರೂಪಾಯಿ. ವರ್ಷಕ್ಕೆ 1,27,750 ರೂಪಾಯಿ. ಬಿಪಿಎಲ್ ಕಾರ್ಡಿಗೆ ರಾಜ್ಯದಲ್ಲಿ ಇಟ್ಟಿರುವ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಟವಾಡೆಯ ಪಟ್ಟಿಯನ್ನು ಮಾತ್ರ ನೋಡಿದ ಕಂಪ್ಯೂಟರಿಗೆ ಈ ಹೆಣ್ಣುಮಗಳು ಬಡವಳಲ್ಲ. ಆದರೆ ಕಂಪ್ಯೂಟರಿಗೆ ಹಿಂಡಿಯ ಚೀಲ ಕಾಣುವುದಿಲ್ಲ. ಬೂಸಾ, ಪಶು ಆಹಾರ, ಒಣಹುಲ್ಲಿನ ಹೊರೆ, ಖನಿಜ ಮಿಶ್ರಣ, ಕೆಚ್ಚಲು ಬಾವು ಬಂದಾಗ ಕೊಟ್ಟ ಔಷಧಿಯ ದುಡ್ಡು, ಹಸು ತರಲು ಮಾಡಿದ ಸಾಲದ ಕಂತು ಯಾವುದೂ ಕಾಣುವುದಿಲ್ಲ. ಹಸು ಬತ್ತಿದ ತಿಂಗಳುಗಳಲ್ಲಿ ಹಾಲಿಲ್ಲದೆಯೂ ಮೇವು ಹಾಕಿದ್ದು ಕಾಣುವುದಿಲ್ಲ. ಅವಳ ದುಡಿಮೆಯ ಕೂಲಿಯಂತೂ ಯಾವ ಪುಸ್ತಕದಲ್ಲೂ ಇಲ್ಲ. ಬಟವಾಡೆಯಲ್ಲಿ ಬರುವುದು ವಹಿವಾಟಿನ ಹಣ. ಇಷ್ಟೆಲ್ಲ ಕಳೆದು ಕೈಯಲ್ಲಿ ಉಳಿದದ್ದು ಆದಾಯ. ಎರಡರ ನಡುವೆ ಎಷ್ಟು ಅಂತರ ಎಂದು ಹಸು ಸಾಕಿದವರಿಗೆಲ್ಲ ಗೊತ್ತು.

ನಮ್ಮ ಬಟವಾಡೆಯ ಪಟ್ಟಿ ನೋಡಿ ಯಾರದೋ ಕಾರ್ಡು ರದ್ದು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಪ್ರೋತ್ಸಾಹಧನ ಕೊಡುವುದಕ್ಕೆಂದು ಕಳಿಸಿದ ಲೀಟರಿನ ಲೆಕ್ಕವನ್ನು ಆದಾಯ ಅಳೆಯುವುದಕ್ಕೆ ಬಳಸಿದರೆ ಏನಾಗುತ್ತದೆ ಎಂದು ತೋರಿಸುತ್ತಿದ್ದೇನೆ. ಅಂಕಿ ಸರಿಯಾಗಿಯೇ ಇರುತ್ತದೆ. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಒಂದು ಕೆಲಸಕ್ಕೆ ಬರೆದ ಅಂಕಿ ಇನ್ನೊಂದು ಕೆಲಸಕ್ಕೆ ಹೋದಾಗ ಅದರ ಅರ್ಥವೇ ಬದಲಾಗಿಬಿಡುತ್ತದೆ. ಬ್ಯಾಂಕ್ ಸಾಲಕ್ಕೆಂದು ರಿಟರ್ನ್ ಸಲ್ಲಿಸಿದವರನ್ನೆಲ್ಲ ತೆರಿಗೆ ಕಟ್ಟಿದವರು ಎಂದು ಓದಿದರೂ ಇದೇ ತಪ್ಪಾಗುತ್ತದೆ. ರಿಟರ್ನ್ ಸಲ್ಲಿಸುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಮ್ಮಲ್ಲಿ ಬಹಳ ಜನರ ಪಹಣಿ ಗಂಡನ ಹೆಸರಿನಲ್ಲೋ ಮಾವನವರ ಹೆಸರಿನಲ್ಲೋ ಇದೆ. ಜಮೀನಿನ ದಾಖಲೆ ನೋಡಿದರೆ ರೈತರು ಅವರೇ. ಮೂವತ್ತು ವರ್ಷ ಹಸು ಸಾಕಿದ ಹೆಂಗಸು ಆ ದಾಖಲೆಯಲ್ಲಿ ಇರುವುದೇ ಇಲ್ಲ. ಆದರೆ ಹಾಲಿನ ಸಂಘದ ಪುಸ್ತಕದಲ್ಲಿ ಅವಳ ಹೆಸರಿದೆ, ನಂಬರಿದೆ, ದಿನದಿನದ ಲೆಕ್ಕವಿದೆ. ಅವಳು ರೈತ ಮಹಿಳೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸಾಲ, ವಿಮೆ, ತರಬೇತಿಗೆ ಈ ದಾಖಲೆ ಅವಳ ಒಪ್ಪಿಗೆಯಿಂದ ಮುಂದೆ ಹೋದರೆ ಅವಳಿಗೆ ಬಲ. ಅವಳಿಗೆ ಹೇಳದೆ ಹೋಗಿ ಕಾರ್ಡಿಗೆ ಕುತ್ತು ತಂದರೆ ಅದೇ ದಾಖಲೆ ಅವಳ ಮೇಲೆ ತಿರುಗಿ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

ಕಾನೂನು ನಮಗೆ ದೂರದ ವಿಷಯ ಎಂದು ಪುಟ ತಿರುಗಿಸಬೇಡಿ. ಇದರ ಮೂಲದಲ್ಲಿ ನಮ್ಮ ರಾಜ್ಯದವರೇ ಇದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಸರ್ಕಾರ ನಮ್ಮ ಖಾಸಗಿ ವಿಷಯಕ್ಕೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು, ಅದಕ್ಕಿಂತ ಹೆಚ್ಚಲ್ಲ. ಇದು ಆ ತೀರ್ಪಿನ ತಿರುಳು.

ಮುಂದೆ 2018ರ ಸೆಪ್ಟೆಂಬರ್ 26ರಂದು ಬಂದ ಆಧಾರ್ ತೀರ್ಪಿನಲ್ಲಿ ಸರ್ಕಾರದ ಸಬ್ಸಿಡಿ, ಸವಲತ್ತುಗಳಿಗೆ ಆಧಾರ್ ಕೇಳಬಹುದು ಎಂದು ಬಹುಮತದಿಂದ ಒಪ್ಪಿದರು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯ ಮಾಡುವಂತಿಲ್ಲ ಎಂದರು. ನಮ್ಮ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಯಾವ ಕಾರಣಕ್ಕೂ ಯಾರ ಜೊತೆಗೂ ಹಂಚುವಂತಿಲ್ಲ ಎಂದು ಆಧಾರ್ ಕಾಯ್ದೆಯ 29ನೇ ಕಲಂ ಹೇಳುತ್ತದೆ.

ಈಗ ಹೊಸದಾಗಿ ಬಂದಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನಮಗೆ ಸಂಬಂಧಪಟ್ಟ ಮುಖ್ಯ ಭಾಗಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವಂತೆ ಗೊತ್ತು ಮಾಡಿದ್ದಾರೆ. ಒಂದು ವಿಶೇಷ ಹೇಳಬೇಕು. ಸಾಮಾನ್ಯವಾಗಿ ಕಾಯ್ದೆಗಳ ಇಂಗ್ಲಿಷ್ ಪಾಠದಲ್ಲಿ ವ್ಯಕ್ತಿಯನ್ನು 'ಅವನು' ಎಂದು ಬರೆಯುವುದು ವಾಡಿಕೆ. ಈ ಕಾಯ್ದೆಯಲ್ಲಿ 'ಅವಳು' ಎಂದು ಬರೆದು, ಅದರೊಳಗೆ ಎಲ್ಲರೂ ಸೇರಿದರು ಎಂದಿದ್ದಾರೆ. ಕಾಗದದಲ್ಲಿ ಸಿಕ್ಕ ಈ ಮರ್ಯಾದೆ ಕಚೇರಿಯ ಕಿಟಕಿಯಲ್ಲೂ ಸಿಗಬೇಕಲ್ಲವೇ?

ಈ ಕಾಯ್ದೆಯ 7ನೇ ಕಲಂ ಇಲಾಖೆಗಳಿಗೆ ದೊಡ್ಡ ಅನುಕೂಲ ಕೊಟ್ಟಿದೆ. ನಾವು ಒಂದು ಸವಲತ್ತಿಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ಅಥವಾ ಕೇಂದ್ರ ಸರ್ಕಾರ ಸೂಚಿಸಿದ ಸರ್ಕಾರಿ ದಾಖಲೆಗಳಲ್ಲಿ ನಮ್ಮ ವಿವರ ಇದ್ದರೆ, ಇನ್ನೊಂದು ಸವಲತ್ತು ಕೊಡಲು ಮತ್ತೆ ಒಪ್ಪಿಗೆ ಕೇಳದೆ ಅದನ್ನು ಬಳಸಬಹುದು. ಅಲೆದಾಟ ತಪ್ಪಿಸಲು ಇದು ಒಳ್ಳೆಯದೇ. ಆದರೆ ಇದಕ್ಕೆ ಜೊತೆಯಾಗಿ ಎರಡು ಹೊಣೆಗಳನ್ನೂ ಇಲಾಖೆಯ ಹೆಗಲಿಗೆ ಹಾಕಿದ್ದಾರೆ.

ಮೊದಲನೆಯದು 8ನೇ ಕಲಮಿನಲ್ಲಿದೆ. ಒಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಮಾಹಿತಿಯನ್ನು ಬಳಸುವುದಾದರೆ, ಅಥವಾ ಅದನ್ನು ಇನ್ನೊಬ್ಬರಿಗೆ ಕೊಡುವುದಾದರೆ, ಆ ಮಾಹಿತಿ ಪೂರ್ಣವಾಗಿರಬೇಕು, ನಿಖರವಾಗಿರಬೇಕು, ಒಂದಕ್ಕೊಂದು ತಾಳೆಯಾಗಬೇಕು. 'ಪೂರ್ಣ' ಎಂಬ ಈ ಮಾತನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಹಿಂಡಿಯ ಖರ್ಚಿಲ್ಲದ ಹಾಲಿನ ಲೆಕ್ಕ ಆದಾಯದ ಲೆಕ್ಕವಾಗಿ ಪೂರ್ಣವಲ್ಲ.

ಎರಡನೆಯದು ನಿಯಮಗಳಲ್ಲಿದೆ. ಹೀಗೆ ಸವಲತ್ತಿಗಾಗಿ ನಮ್ಮ ಮಾಹಿತಿ ಬಳಸುವ ಇಲಾಖೆ ಅದನ್ನು ನಮಗೆ ತಿಳಿಸಬೇಕು, ಪ್ರಶ್ನೆ ಇದ್ದರೆ ಯಾರನ್ನು ಕೇಳಬೇಕು ಎಂದು ಹೇಳಬೇಕು, ಬೇಕಾದಷ್ಟೇ ಮಾಹಿತಿ ಬಳಸಬೇಕು.

ಕಾಯ್ದೆಯಲ್ಲಿ ಕೊರತೆಯೂ ಇದೆ. ನನ್ನ ಬಗ್ಗೆ ಏನೇನು ಮಾಹಿತಿ ಇದೆ, ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುವ ಹಕ್ಕನ್ನೂ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನೂ 11 ಮತ್ತು 12ನೇ ಕಲಮುಗಳು ಒಪ್ಪಿಗೆ ಕೊಟ್ಟು ನೀಡಿದ ಮಾಹಿತಿಗೆ ಕಟ್ಟಿಹಾಕಿವೆ. ಒಪ್ಪಿಗೆಯಿಲ್ಲದೆ ಇಲಾಖೆಯಿಂದ ಇಲಾಖೆಗೆ ಹೋದ ಮಾಹಿತಿಗೆ ಈ ಹಕ್ಕು ಅಷ್ಟೇ ಸ್ಪಷ್ಟವಾಗಿ ಸಿಕ್ಕಿಲ್ಲ. ನಮಗೆ ಹೆಚ್ಚು ಬೇಕಾದದ್ದು ಅಲ್ಲಿಯೇ. ಆದ್ದರಿಂದ ರಾಜ್ಯ ಸರ್ಕಾರ ತನ್ನದೇ ಆದೇಶಗಳಲ್ಲಿ ಈ ಕೊರತೆ ತುಂಬಬೇಕು ಎಂದು ಕೇಳುವುದು ನ್ಯಾಯವಾಗಿದೆ.

ಸುಳ್ಳು ಹೇಳಿದವರನ್ನು ಹಿಡಿಯಬೇಡವೇ?

ಇಷ್ಟು ಹೇಳಿದಾಗ ಎದುರಾಗುವ ಮಾತು ಇದು: 'ಕಾರಿದ್ದವರು, ಬಂಗಲೆ ಇದ್ದವರು ಬಿಪಿಎಲ್ ಕಾರ್ಡು ಇಟ್ಟುಕೊಂಡಿದ್ದಾರೆ. ಇಲಾಖೆಗಳು ಮಾಹಿತಿ ತಾಳೆ ನೋಡದೆ ಅವರನ್ನು ಹಿಡಿಯುವುದು ಹೇಗೆ?' ಇದು ಸರಿಯಾದ ಪ್ರಶ್ನೆ. ಇಲ್ಲದವರ ಪಾಲನ್ನು ಇದ್ದವರು ತಿನ್ನುವುದನ್ನು ನಾನೂ ಒಪ್ಪುವುದಿಲ್ಲ. ತಾಳೆ ನೋಡಲಿ, ಹಿಡಿಯಲಿ. ಸುಳ್ಳು ಮಾಹಿತಿ ಕೊಡಬಾರದು ಎಂಬ ಹೊಣೆಯನ್ನು ಇದೇ ಕಾಯ್ದೆ ನಮ್ಮ ಮೇಲೂ ಹಾಕಿದೆ. ತಪ್ಪಿದರೆ 10,000 ರೂಪಾಯಿವರೆಗೆ ದಂಡವಿದೆ.

ಆದರೆ ತಾಳೆಯಲ್ಲಿ ಹೆಸರು ಬಂದದ್ದು ಅನುಮಾನ ಮಾತ್ರ, ತೀರ್ಪಲ್ಲ. ಡೇರಿಯಲ್ಲಿ ಹಾಲಿನ ಡಿಗ್ರಿ ಕಡಿಮೆ ಬಂದರೆ ಏನು ಮಾಡುತ್ತೇವೆ? ಅವಳ ಸದಸ್ಯತ್ವವನ್ನೇ ಆ ಗಳಿಗೆಯಲ್ಲಿ ರದ್ದು ಮಾಡುತ್ತೇವೆಯೇ? ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ, ಅವಳನ್ನೇ ಕೇಳುತ್ತೇವೆ. ಹಸು ಈದು ಎಷ್ಟು ದಿನವಾಯಿತು, ಮೇವು ಬದಲಾಯಿತೇ, ನೀರು ಬೆರೆತಿದೆಯೇ ಎಂದು ವಿಚಾರಿಸುತ್ತೇವೆ. ಒಂದು ಹಳ್ಳಿಯ ಸಂಘ ಪಾಲಿಸುವ ನ್ಯಾಯವನ್ನು ಒಂದು ಇಲಾಖೆ ಪಾಲಿಸಲಾರದೇ?

ಅಷ್ಟು ಜನರಿಗೆ ನೋಟಿಸು ಕೊಡಲು ಸಾಧ್ಯವೇ ಎಂದೂ ಕೇಳುತ್ತಾರೆ. ಈಗ ಎಷ್ಟೋ ಸಂಘಗಳಲ್ಲಿ ಹಾಕಿದ ಹಾಲಿನ ಲೀಟರು, ಫ್ಯಾಟು, ದರ ಎಲ್ಲವೂ ಮೊಬೈಲಿಗೆ ಮೆಸೇಜಾಗಿ ಬರುತ್ತದೆ. ಅರ್ಧ ಲೀಟರ್ ಹಾಲಿನ ಲೆಕ್ಕಕ್ಕೆ ಮೆಸೇಜು ಬರುವುದಾದರೆ, ಮನೆಯ ರೇಷನ್ ಕಾರ್ಡಿಗೆ ಕತ್ತರಿ ಹಾಕುವ ಮೊದಲು ಒಂದು ಮೆಸೇಜು ಬರಲು ಏನು ಅಡ್ಡಿ?

ಮೆಸೇಜು ಒಂದೇ ಸಾಲದು ಎಂಬುದೂ ನಿಜ. ನಮ್ಮಲ್ಲಿ ಬಹಳ ಜನ ಕೊಟ್ಟಿರುವ ಫೋನ್ ನಂಬರು ಗಂಡನದೋ ಮಗನದೋ ಆಗಿರುತ್ತದೆ. ಮಗ ಬೆಂಗಳೂರಿನಲ್ಲಿದ್ದರೆ ಮೆಸೇಜೂ ಬೆಂಗಳೂರಿನಲ್ಲೇ ಇರುತ್ತದೆ. ಅದಕ್ಕಾಗಿ ಗ್ರಾಮ ಪಂಚಾಯಿತಿಯ ಮೂಲಕ ಮನೆಗೆ ಕನ್ನಡದಲ್ಲಿ ಬರೆದ ಚೀಟಿಯೂ ಬರಬೇಕು. ಎಲ್ಲರ ಹೆಸರು ಬರೆದು ಗೋಡೆಗೆ ಅಂಟಿಸುವುದು ಬೇಡ. ಯಾರ ಆದಾಯ ಎಷ್ಟು, ಯಾರ ಕಾರ್ಡು ಯಾಕೆ ಹೋಯಿತು ಎಂಬುದು ಊರ ಕಟ್ಟೆಯ ಮಾತಾಗಬಾರದು.

ಸರ್ಕಾರದಿಂದ ನಾವು ಕೇಳಬೇಕಾದದ್ದು

ನನ್ನ ಬೇಡಿಕೆಗಳು ಮೂರೇ.

ಒಂದು, ಹಂಚುವ ಮೊದಲು ಹೇಳಿ. ಅರ್ಜಿ ತುಂಬಿಸಿಕೊಳ್ಳುವಾಗಲೇ ಈ ಮಾಹಿತಿ ಯಾವ ಇಲಾಖೆಗೆ, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಒಪ್ಪಿಗೆಯ ಕೋರಿಕೆಯನ್ನು ನಮ್ಮ ಭಾಷೆಯಲ್ಲಿ ಪಡೆಯುವ ಅವಕಾಶವನ್ನು ಹೊಸ ಕಾಯ್ದೆಯೇ ಕೊಟ್ಟಿದೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು.

ಎರಡು, ಬೇಕಾದಷ್ಟೇ ಹಂಚಿ. ಪ್ರೋತ್ಸಾಹಧನಕ್ಕೆ ಬೇಕಾದದ್ದು ಹೆಸರು, ಖಾತೆ, ಲೀಟರು. ಮನೆಯಲ್ಲಿ ಎಷ್ಟು ಮಂದಿ, ಯಾರಿಗೆ ಯಾವ ಕಾಯಿಲೆ ಎಂಬುದು ಅದಕ್ಕೆ ಬೇಡ. ಯಶಸ್ವಿನಿಗೆ ಕೊಟ್ಟ ವಿವರ ಯಶಸ್ವಿನಿಯ ಕೆಲಸಕ್ಕೇ ಇರಲಿ. ಹಾಲಿನ ಬಟವಾಡೆಯನ್ನು ಎಂದಾದರೂ ಆದಾಯದ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದರೆ ಖರ್ಚು ಕಳೆಯುವ ಕ್ರಮವನ್ನು ಮೊದಲು ಆದೇಶದಲ್ಲಿ ಬರೆಯಲಿ.

ಮೂರು, ಕತ್ತರಿಸುವ ಮೊದಲು ಕೇಳಿ. ಯಾವ ಸವಲತ್ತನ್ನೇ ಆಗಲಿ ನಿಲ್ಲಿಸುವ ಮೊದಲು ಕಾರಣ ಹೇಳಬೇಕು, ಯಾವ ಇಲಾಖೆಯ ಯಾವ ದಾಖಲೆಯಿಂದ ಈ ಅನುಮಾನ ಬಂತು ಎಂದು ತಿಳಿಸಬೇಕು, ಉತ್ತರ ಕೊಡಲು ಸಮಯ ಕೊಡಬೇಕು. ಉತ್ತರ ಬಂದು ತೀರ್ಮಾನವಾಗುವವರೆಗೆ ಸವಲತ್ತು ನಡೆಯುತ್ತಿರಬೇಕು. ತಪ್ಪು ಇಲಾಖೆಯದಾದರೆ ತಿದ್ದುವ ಅಲೆದಾಟವೂ ಇಲಾಖೆಯದೇ ಆಗಬೇಕು. ತಪ್ಪು ಇರುವುದು ಒಂದು ಕಡೆ, ತಿದ್ದಬೇಕಾದವರು ಇನ್ನೊಂದು ಕಡೆ, ನಡುವೆ ಓಡಾಡುವವರು ನಾವು ಎಂಬ ಈಗಿನ ಪದ್ಧತಿ ನಿಲ್ಲಬೇಕು.

ನಮ್ಮ ಸಂಘದ ಹೊಣೆ

ಸರ್ಕಾರಕ್ಕೆ ಹೇಳಿ ಸುಮ್ಮನಾದರೆ ಸಾಲದು. ನಮ್ಮ ಸಂಘ ಸರ್ಕಾರಿ ಕಚೇರಿಯಲ್ಲ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ, ನಾವೇ ಷೇರು ಕಟ್ಟಿ ನಡೆಸುವ ಸಂಸ್ಥೆ. ಅಲ್ಲಿರುವ ನಮ್ಮ ಲೆಕ್ಕ ನಮ್ಮದು. ಕಾನೂನಿನ ಪ್ರಕಾರ ಬರಹದಲ್ಲಿ ಕೇಳಿದ ಇಲಾಖೆಗೆ ಕಾರ್ಯದರ್ಶಿ ಮಾಹಿತಿ ಕೊಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಯಾರೋ ಫೋನಿನಲ್ಲಿ ಕೇಳಿದರೆಂದು ಸದಸ್ಯರ ಪಟ್ಟಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು ತಪ್ಪು. ಕೇಳಿದವರು ಅಧಿಕಾರಿಯೇ ಆಗಿರಲಿ, ಪುಢಾರಿಯೇ ಆಗಿರಲಿ, ಸಾಲ ಕೊಡುವ ಕಂಪನಿಯವರೇ ಆಗಿರಲಿ.

ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಒಂದು ಠರಾವು ಮಾಡಿಸೋಣ. ಸದಸ್ಯರ ಮಾಹಿತಿಯನ್ನು ಬರಹದ ಕೋರಿಕೆ ಇಲ್ಲದೆ ಹೊರಗೆ ಕೊಡಬಾರದು. ಯಾರಿಗೆ, ಯಾವತ್ತು, ಯಾವ ಕೆಲಸಕ್ಕೆ, ಏನು ಕೊಟ್ಟೆವು ಎಂದು ಬರೆಯಲು ಒಂದು ವಹಿ ಇಡಬೇಕು. ಸದಸ್ಯರು ಕೇಳಿದರೆ ಆ ವಹಿಯಲ್ಲಿ ತಮಗೆ ಸಂಬಂಧಪಟ್ಟದ್ದನ್ನು ತೋರಿಸಬೇಕು. ಇದಕ್ಕೆ ಖರ್ಚಾಗುವುದು ಒಂದು ನೂರು ಪುಟದ ನೋಟ್‌ಬುಕ್. ಆಡಳಿತ ಮಂಡಳಿಯಲ್ಲಿ ಇರುವ ಹೆಂಗಸರು ಈ ಮಾತನ್ನು ಎತ್ತಬೇಕು. ಮಹಿಳಾ ಸಂಘಗಳಲ್ಲಂತೂ ಅಧ್ಯಕ್ಷರೂ ನಾವೇ, ಕಾರ್ಯದರ್ಶಿಯೂ ನಾವೇ. ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ನಮ್ಮ ಕೈಯಲ್ಲೇ ಇರುವುದು

ಕೊನೆಗೆ, ನಾವು ಇವತ್ತೇ ಮಾಡಬಹುದಾದ ಕೆಲವು ಕೆಲಸಗಳಿವೆ.

ನೇರ ವರ್ಗಾವಣೆಯ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಎರಡು ಮೂರು ಖಾತೆ ಇದ್ದರೆ ಕೊನೆಯದಾಗಿ ಯಾವುದಕ್ಕೆ ಆಧಾರ್ ಜೋಡಿಸಿದ್ದೀರೋ ಅದಕ್ಕೆ ಹೋಗುತ್ತದೆ. ಹಣ ಬರಲಿಲ್ಲ ಎಂದು ಅಂಗನವಾಡಿಯವರ ಜೊತೆ ಜಗಳವಾಡುವ ಮೊದಲು ಆ ಖಾತೆ ಯಾವುದೆಂದು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಿ.

ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಸಂಘದ ಪುಸ್ತಕ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು. ಬಿಡುವಿನ ಕಾಲದಲ್ಲಿ ತಿದ್ದಿಸಿಟ್ಟುಕೊಳ್ಳಿ.

ಎಲ್ಲದಕ್ಕೂ ಪೂರ್ತಿ ಆಧಾರ್ ಜೆರಾಕ್ಸ್ ಕೊಡುವ ಅಭ್ಯಾಸ ಬಿಡೋಣ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ತೆಗೆಯಬಹುದು. ಮಕ್ಕಳಿಗೆ ಹೇಳಿದರೆ ತೆಗೆದುಕೊಡುತ್ತಾರೆ. ಕಾಗದದ ಜೆರಾಕ್ಸ್ ಕೊಡಲೇಬೇಕಾದಾಗ ಅದರ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆದು ತಾರೀಖು ಹಾಕಿ ಕೊಡಿ.

ಹೆಬ್ಬೆಟ್ಟು ಒತ್ತುವ ಮೊದಲು, ಒಟಿಪಿ ಹೇಳುವ ಮೊದಲು 'ಇದು ಯಾವುದಕ್ಕೆ?' ಎಂದು ಕೇಳಿ. ಹಾಗೆ ಕೇಳಿದರೆ ಅಗೌರವವಲ್ಲ. ನಮ್ಮ ಹೆಬ್ಬೆಟ್ಟು ನಮ್ಮ ಸಹಿ.

ಸವಲತ್ತು ನಿಂತರೆ ಬಾಯಿಮಾತಿನ ಉತ್ತರ ಕೇಳಿ ಮರಳಬೇಡಿ. ಕಾರಣ ಕೇಳಿ ಬರಹದಲ್ಲಿ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ನಿಮ್ಮ ಕಾರ್ಡು ಯಾಕೆ ನಿಂತಿತು, ಯಾರ ಆದೇಶದ ಮೇಲೆ ನಿಂತಿತು ಎಂದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ನಾಲ್ಕು ಜನಕ್ಕೆ ಒಂದೇ ತೊಂದರೆಯಾಗಿದ್ದರೆ ನಾಲ್ಕೂ ಅರ್ಜಿಗಳನ್ನು ಒಂದೇ ದಿನ ಒಟ್ಟಿಗೆ ಕೊಡಿ. ಒಬ್ಬಳೇ ಹೋದಾಗ ಮುಚ್ಚುವ ಕಿಟಕಿ ನಾಲ್ಕು ಜನ ಹೋದಾಗ ತೆರೆಯುತ್ತದೆ. ಹಾಲಿನ ಬೆಲೆಯ ವಿಷಯದಲ್ಲಿ ಸಹಕಾರ ನಮಗೆ ಕಲಿಸಿದ ಪಾಠವೂ ಇದೇ ಅಲ್ಲವೇ?

ಡೇರಿಗೆ ಹಾಕುವ ಹಾಲಿನ ತೂಕ ನಮ್ಮ ಕಣ್ಣೆದುರೇ ಆಗಬೇಕು, ಫ್ಯಾಟ್ ನಮ್ಮ ಎದುರೇ ನೋಡಬೇಕು ಎಂದು ಹಟ ಹಿಡಿದು ಪಡೆದವರು ನಾವು. ನಮ್ಮ ಬದುಕಿನ ಲೆಕ್ಕವನ್ನು ತೂಗುವಾಗಲೂ ನಮ್ಮ ಕಣ್ಣೆದುರೇ ತೂಗಲಿ ಎಂದು ಕೇಳೋಣ.